ಹಿಂದೆ ಕೂತವನು

ಎರಡನೇ ಗುರುತಿನ ಹತ್ತಿರ ಲಿಂಗಯ್ಯ ತನ್ನೊಬ್ಬನನ್ನೇ ಪಕ್ಕಕ್ಕೆ ಕರೆದದ್ದು ಯಾಕೆ ಎಂಬ ಪ್ರಶ್ನೆ ಸಂಪತ್ ಕುಮಾರನಿಗೆ ಹುಟ್ಟಿದ್ದು ಅಲ್ಲಿಂದ ಹೊರಟು ಪೇಟೆ ಬೀದಿಯ ಅರ್ಧ ದಾಟಿದ ಮೇಲೆ. ಕರೆದಾಗ ಅವನು ಸೈಕಲ್ಲಿನಿಂದ ಇಳಿದಿರಲಿಲ್ಲ. ಒಂದು ಕಾಲನ್ನು ಮೋರಿಯ ಕಲ್ಲಿಗೆ ಊರಿ, ಇನ್ನೊಂದನ್ನು ಪೆಡಲಿನ ಮೇಲೇ ಇಟ್ಟುಕೊಂಡು ಚಡಪಡಿಸುತ್ತಿದ್ದ. ಹಿಂದೆ ಕೂತಿದ್ದ ವಾಜಿದ್ ಕ್ಯಾರಿಯರಿನಿಂದ ಧುಮುಕಿ, ಬೆಲ್ಲದ ಮಂಡಿಯ ಸಂದಿಯಲ್ಲಿ ಎಲ್ಲೋ ನೇತುಹಾಕಿದ್ದ ತಗಡನ್ನು ಹುಡುಕಿ ಅದರ ಮೇಲಿನ ಅಂಕಿಯನ್ನು ಬರೆದುಕೊಂಡು ಬರಲು ಓಡಿದ್ದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದವನ ಹಾಗೆ ಲಿಂಗಯ್ಯ ಬೀಡಿ ಎಸೆದು ಹತ್ತಿರ ಬಂದ. ಕಾಲೇಜಿನ ಜವಾನ ಅವನು. ಭಾನುವಾರವಾದರೂ ಅಂಗಿಗೆ ಹಳದಿ ರಿಬ್ಬನ್ ಚುಚ್ಚಿಕೊಂಡು ಸ್ಪರ್ಧೆಯ ಕಾವಲಿಗೆ ನಿಂತಿದ್ದ. "ಸಾ, ಒಸಿ ಇಳೀರಿ. ಈ ಕಡಿಕ್ ಬನ್ನಿ, ನಿಮ್ತಾವ ಒಂದ್ ಮಾತದೆ" ಎಂದ. ಏನಿದ್ದರೂ ಇಲ್ಲೇ ಹೇಳಯ್ಯ ಎಂದರೆ, ವಾಜಿದ್ ಹೋದ ಸಂದಿಯ ಕಡೆ ಒಂದು ಸಲ ನೋಡಿ, "ಇಲ್ಲಿ ಬ್ಯಾಡಿ. ಒಟ್ಟೆಗೇನಾರ ಆಕ್ಕಂಡಿದ್ದೀರಾ? ಆ ಓಟ್ಲಲ್ಲಿ ಕಾಪಿ ಕುಡೀತಾ ಮಾತಾಡನ" ಎಂದ. ಸ್ಪರ್ಧೆಯಲ್ಲಿರುವವನನ್ನು ಕಾಫಿಗೆ ಕರೆಯುತ್ತಾನಲ್ಲ, ಇವನಿಗೆ ತಲೆ ನೆಟ್ಟಗಿದೆಯೇ ಎಂದು ಸಂಪತ್ತುವಿಗೆ ರೇಗಿತು. ಅಷ್ಟರಲ್ಲಿ ವಾಜಿದ್ ಓಡಿ ಬಂದು ಹಿಂದೆ ಹತ್ತಿ ಕೂತ. ಲಿಂಗಯ್ಯ ಬಾಯಿ ಮುಚ್ಚಿಕೊಂಡ. ಹಾಗೆ ತಟ್ಟನೆ ಮುಚ್ಚಿಕೊಂಡದ್ದೇ ಈಗ, ಪೆಡಲ್ ತುಳಿಯುತ್ತಿರುವಾಗ, ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು.

ಸ್ಪರ್ಧೆ ಎಂದರೆ ಇಷ್ಟೆ. ಕಾಲೇಜಿನ ಭೂಗೋಳದ ಮೇಷ್ಟ್ರು ಪಾರ್ಥಸಾರಥಿಯವರು ಮಂಡ್ಯದ ಬೀದಿಗಳ ನಕ್ಷೆಯನ್ನು ತಾವೇ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಏಳು ಕಡೆ ಕೆಂಪು ಸೊನ್ನೆ ಸುತ್ತಿದ್ದರು. ಒಂದು ಸೈಕಲ್ಲಿಗೆ ಇಬ್ಬರು. ಒಬ್ಬ ತುಳಿಯಬೇಕು, ಇನ್ನೊಬ್ಬ ಹಿಂದೆ ಕೂತು ನಕ್ಷೆ ನೋಡಿ ದಾರಿ ಹೇಳಬೇಕು. ಏಳೂ ಸೊನ್ನೆಗಳನ್ನು ಸಾಲಾಗಿ ಮುಟ್ಟಿ, ಅಲ್ಲಲ್ಲಿ ಬಚ್ಚಿಟ್ಟ ತಗಡಿನ ಅಂಕಿ ಬರೆದುಕೊಂಡು, ಕಾಲೇಜಿನ ಮೈದಾನಕ್ಕೆ ಮೊದಲು ಬಂದವರು ಗೆದ್ದರು. ಯಾವ ಗಲ್ಲಿ ಹಿಡಿದು ಹೋಗುತ್ತೀರೋ ನಿಮ್ಮ ಹಣೆಬರಹ. ಡಬಲ್ಸ್ ಹೋಗುವವರನ್ನು ಹಿಡಿಯುವ ಪೊಲೀಸರು ಕೂಡ ಈವತ್ತೊಂದು ದಿನ ಬೇರೆ ಕಡೆ ನೋಡಲು ಒಪ್ಪಿದ್ದರು. ಊರಿನ ಹುಡುಗರಿಗೆ ಇದು ತಮಾಷೆ. ಸಂಪತ್ ಕುಮಾರನಿಗೆ ತಮಾಷೆಯಾಗಿರಲಿಲ್ಲ. ಹದಿನೈದು ದಿನದ ಹಿಂದೆ ಆಫೀಸಿನ ಸೂಪರಿಂಟೆಂಡೆಂಟರು ನಾಲ್ಕು ಜನರ ಎದುರಿಗೆ, ಟೈಪಿಸ್ಟ್ ವೇದವತಿಯೂ ಅಲ್ಲೇ ಇದ್ದಾಗ, "ನಿಮ್ಮ ಕೈಯಲ್ಲಿ ಏನಾಗುತ್ತೆ ಅದನ್ನಾದ್ರೂ ಹೇಳಿ ಸಂಪತ್ ಕುಮಾರ್, ಅಷ್ಟೇ ಕೆಲಸ ಕೊಡ್ತೀನಿ" ಎಂದಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆವತ್ತು ಸಂಜೆಯೇ ಹೋಗಿ ವಾಜಿದನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತು, ಹೆಸರು ಕೊಡೋಣ ಕಣೋ ಎಂದಿದ್ದ. ಹೈಸ್ಕೂಲಿನಿಂದಲೂ ಜೊತೆಯವನು; ಯಾಕೆ ಏನು ಎಂದು ಕೇಳಲಿಲ್ಲ.

ಒಂದು ಸುಳ್ಳನ್ನೂ ಹೇಳಿದ್ದಾಯಿತು. ಪ್ರತಿ ಶನಿವಾರ ಆಫೀಸು ಮುಗಿದ ಮೇಲೆ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮಳವಳ್ಳಿಗೆ ಹೋಗಬೇಕಾದವನು, ಈ ಶನಿವಾರ ಆಫೀಸಿನಲ್ಲಿ ತಪಾಸಣೆ, ಬರಲಾಗುವುದಿಲ್ಲ ಎಂದು ಊರಿನ ಕಡೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದ್ದ. ಮಳವಳ್ಳಿಯಲ್ಲಿ ಅಪ್ಪ ವೆಂಕಟರಾಮಯ್ಯ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಾರೆ. ಬಲಗಡೆ ಪೂರಾ ಬಿದ್ದುಹೋಗಿದೆ. ಅರ್ಧ ತಾಲ್ಲೂಕಿಗೆ ಮದುವೆ ಮುಂಜಿ ಮಾಡಿಸಿದ ಕಂಠದಿಂದ ಈಗ ಒಂದು ಸ್ವರ ಮಾತ್ರ ಬರುತ್ತದೆ. ಅದು ನೀರಿಗೋ, ಮಗ್ಗುಲು ತಿರುಗಿಸುವುದಕ್ಕೋ ಅಮ್ಮನಿಗೆ ಮಾತ್ರ ತಿಳಿಯುತ್ತದೆ. ಭಾನುವಾರ ಅವರನ್ನು ಎತ್ತಿ ಕೂರಿಸಿ, ಬೆನ್ನು ಒರೆಸಿ, ಪಂಚೆ ಬದಲಾಯಿಸುವುದು ಸಂಪತ್ತುವಿನ ಪಾಳಿ. ಅಮ್ಮ ಪಂಕಜಮ್ಮ ಆ ಒಂದು ದಿನ ಬಾವಿಕಟ್ಟೆಯ ಹತ್ತಿರ ಹೋಗಿ ನಿಧಾನವಾಗಿ ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಈ ವಾರ ಅದೂ ಇಲ್ಲ. ಪಂಕಜಮ್ಮನ ಮಗನಿಗೆ ತಪಾಸಣೆಯಂತೆ.

ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದೀರಾ ಎಂದು ಕೇಳಿದನಲ್ಲ. ಸಂಪತ್ತುವಿನ ಕಾಲು ಒಂದು ಕ್ಷಣ ಪೆಡಲಿನ ಮೇಲೆ ನಿಂತೇಹೋಯಿತು. ಸಾವಿನ ಸುದ್ದಿ ತಂದವನು ಮೊದಲು ಕೇಳುವುದೇ ಅದನ್ನು. ಸುದ್ದಿ ಕಿವಿಗೆ ಬಿದ್ದ ಮೇಲೆ ಮಗನಾದವನು ಹೆಣ ಎತ್ತುವವರೆಗೆ ಒಂದಗುಳೂ ಮುಟ್ಟುವಂತಿಲ್ಲ. ಅದಕ್ಕೆ ಮೊದಲು ಉಣ್ಣಿಸಬೇಕು, ಆಮೇಲೆ ಮನೆಯ ಕಡೆ ಹೊರಡಿಸಬೇಕು, ಹೊಸಿಲ ಹತ್ತಿರ ಬಂದಾಗ ತಾನಾಗಿ ತಿಳಿಯುತ್ತದೆ. ನಡುದಾರಿಯಲ್ಲಿ ಹೇಳಬಾರದು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ, ಈ ಕಡೆಯ ಜನಕ್ಕೆ ಹುಟ್ಟುತ್ತಲೇ ಗೊತ್ತು. ಆದರೂ ಅವನಿಗೆ ಅದನ್ನು ಕಣ್ಣಾರೆ ತೋರಿಸಿದವರು ಅಪ್ಪನೇ. ಹಿಂದೊಮ್ಮೆ ಮಳವಳ್ಳಿಯ ಶೆಟ್ಟರ ಮನೆಯ ಮದುವೆ; ಚಪ್ಪರದಲ್ಲಿ ಅಪ್ಪ ಮಂತ್ರ ಹೇಳುತ್ತಿದ್ದಾರೆ; ಕೆರೆ ಏರಿಯ ಮೇಲೆ ಒಬ್ಬ ಆಳು ಬೇಗ ಬೇಗ ಬರುತ್ತಿದ್ದಾನೆ. ಶಿವನಸಮುದ್ರದಲ್ಲಿ ಕರೆಂಟಿನ ಕೆಲಸದಲ್ಲಿದ್ದ ದೊಡ್ಡಪ್ಪನ ಮನೆಯ ಆಳು. ಅವನ ನಡಿಗೆ ನೋಡಿಯೇ ಅಪ್ಪನಿಗೆ ತಿಳಿದುಹೋಯಿತು. ಮಂತ್ರ ನಿಲ್ಲಿಸದೆ, ಮಧ್ಯೆ ಉಸಿರು ತೆಗೆದುಕೊಳ್ಳುವಾಗ, "ಅವನ್ನ ಅಲ್ಲೇ ಕೂರಿಸಿ ಊಟ ಹಾಕಿ, ಧಾರೆ ಆಗೋವರೆಗೆ ನನ್ನ ಹತ್ರ ಬಿಡಬೇಡಿ" ಎಂದರು. ಧಾರೆ ಮುಗಿಯಿತು, ಆಶೀರ್ವಾದ ಮುಗಿಯಿತು, ದಕ್ಷಿಣೆ ಕಟ್ಟಿಕೊಂಡರು. ಆಮೇಲೆ ಚಪ್ಪರದಿಂದ ಹೊರಗೆ ಬಂದು, ಈಗ ಹೇಳಪ್ಪ ಎಂದು, ಅಣ್ಣ ಹೋದದ್ದನ್ನು ಕೇಳಿ, ನಿಂತಲ್ಲೇ ಕುಸಿದರು. ಅಣ್ಣನೆಂದರೆ ಅವರಿಗೆ ಪ್ರಾಣ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಳುತ್ತಲೇ, "ಕಿವಿಗೆ ಬೀಳೋವರೆಗೆ ಸೂತಕ ಇಲ್ಲ ಕಣೋ, ಶಾಸ್ತ್ರ ಹಾಗೇ ಇದೆ" ಎಂದು ಹೇಳುತ್ತಿದ್ದರು. ಅಂದರೆ ಕಿವಿಗೆ ಬೀಳುವವರೆಗೆ ಅದು ಆಗಿಯೇ ಇಲ್ಲ. ಸಂಪತ್ ಕುಮಾರ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಜೋರಾಗಿ ತುಳಿಯತೊಡಗಿದ. ಇನ್ನು ಎಲ್ಲೂ ಇಳಿಯಬಾರದು ಎಂದುಕೊಂಡ.

"ಎಡಕ್ ತಗೋ, ಎಡಕ್ ತಗೋ ಕಣ್ಲಾ, ಎಲ್ಲಿ ನೋಡ್ತಿದ್ದೀಯೆ?" ವಾಜಿದ್ ಹಿಂದಿನಿಂದ ಬೆನ್ನಿಗೆ ಗುದ್ದಿದ. ಸಂಪತ್ತು ಎಡಕ್ಕೆ ತಿರುಗಿಸಿದ. ಮುಂದೆ ಬಂದದ್ದು ಬಸ್ ಸ್ಟ್ಯಾಂಡಿನ ರಸ್ತೆ. ಯಾಕೆ ಈ ದಾರಿ? ನೂರಡಿ ರಸ್ತೆ ಹಿಡಿದಿದ್ದರೆ ಗಾಡಿಗಳ ಕಾಟವಿಲ್ಲದೆ ಹೋಗಬಹುದಾಗಿತ್ತು. ಮದ್ದೂರಿನ ಬಸ್ಸುಗಳು ನಿಲ್ಲುವುದೇ ಇಲ್ಲಿ. ಹಿಂದೆ ಕೂತವನ ಮುಖ ಕಾಣುವುದಿಲ್ಲ, ಅದೇ ತೊಂದರೆ. ಇಷ್ಟು ಹೊತ್ತೂ ಅವನ ಭಾರ ಮಾತ್ರ ತಿಳಿಯುತ್ತಿತ್ತು. ಈಗ ಅವನು ಅತ್ತ ವಾಲಿದ್ದು, ಇತ್ತ ತಿರುಗಿದ್ದು, ಯಾರಿಗೋ ಕೈಯೆತ್ತಿದ್ದು ಎಲ್ಲವೂ ಸೀಟಿನ ಮೂಲಕ ಮೈಗೆ ಬರುತ್ತಿತ್ತು. ಯಾರಿಗೆ ಕೈಯೆತ್ತಿದ? ಬೆಳಿಗ್ಗೆ ಮೈದಾನದಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಇವನು ತಡವಾಗಿ ಬಂದಿದ್ದ. ಕೇಳಿದ್ದಕ್ಕೆ, ಮಾಮು ಏನೋ ಕೆಲಸ ಹೇಳಿದ್ದ ಎಂದಿದ್ದ. ಇವನ ಸೋದರಮಾವ ನಜೀರ್ ಅಹ್ಮದನದು ಬಾಡಿಗೆ ಕಾರು. ದೀಪಾವಳಿಯಲ್ಲಿ ಅಪ್ಪ ಬಿದ್ದಾಗ ಮಳವಳ್ಳಿಯಿಂದ ಇಲ್ಲಿನ ಆಸ್ಪತ್ರೆಗೆ ತಂದದ್ದು ಆ ಕಾರಿನಲ್ಲೇ. ಅಮ್ಮ ಯಾರನ್ನಾದರೂ ಕಳಿಸುವುದಿದ್ದರೆ ಮೊದಲು ನಜೀರನಿಗೇ ಹೇಳಿ ಕಳಿಸುತ್ತಾಳೆ. ನಜೀರ್ ಹೇಳುವುದಿದ್ದರೆ ಮೊದಲು ಇವನಿಗೇ ಹೇಳುತ್ತಾನೆ. ಎಲ್ಲಾ ಒಂದಕ್ಕೊಂದು ಸರಿಯಾಗಿ ಕೂರುತ್ತಿತ್ತು. ಹಾಗಾದರೆ ಎಲ್ಲಾ ಗೊತ್ತಿದ್ದೂ ಹಿಂದೆ ಕೂತು ಎಡಕ್ಕೆ ಬಲಕ್ಕೆ ಎನ್ನುತ್ತಿದ್ದಾನೆ.

"ವಾಜಿದ್, ಬೆಳಿಗ್ಗೆ ನಿಮ್ಮ ಮಾಮು ಏನಂದ್ರೋ?"

"ಏನಂದಾನು? ಕಾರು ತೊಳ್ಸಿದ. ಯಾರೋ ಮದ್ವೆಗೆ ಬಾಡಿಗೆಗ್ ಕೇಳವ್ರಂತೆ. ಅದ್ಯಾಕೀಗ? ಮುಂದೆ ನೋಡ್ಕಂಡ್ ತುಳಿ, ಎಮ್ಮೆ ಅದೆ."

ಮದುವೆಗೆ! ಇದಕ್ಕಿಂತ ಒಳ್ಳೆಯ ನೆಪ ಸಿಗಲಿಲ್ಲವೇ ಇವನಿಗೆ ಎಂದು ಸಂಪತ್ತು ಒಳಗೊಳಗೇ ಕುದಿದ. ಅಪ್ಪ ಹೇಳುತ್ತಿದ್ದರು, ಅನುಮಾನಂ ಪೆದ್ದ ರೋಗಂ, ಅನುಮಾನವೇ ದೊಡ್ಡ ರೋಗ ಎಂದು. ಹೇಳುವವರಿಗೇನು. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳು ತಲೆಯೆತ್ತಿ ಅವನನ್ನೇ ನೋಡಿದಳು. ಪರಿಚಯದ ಕಂಡಕ್ಟರೊಬ್ಬ ಬಸ್ಸಿನ ಬಾಗಿಲಿಗೆ ಜೋತುಬಿದ್ದವನು ನಗಲಿಲ್ಲ. ಯಾವಾಗಲೂ ನಗುವ ಮನುಷ್ಯ. ಇಡೀ ಊರಿಗೆ ಗೊತ್ತಾಗಿ, ಇಡೀ ಊರು ಒಪ್ಪಂದ ಮಾಡಿಕೊಂಡು ತನ್ನೊಬ್ಬನನ್ನು ಹೊರಗಿಟ್ಟಿದೆ ಅನ್ನಿಸಿತು.

ಮೂರನೆಯದು ಬೇಗ ಸಿಕ್ಕಿತು. ಅಲ್ಲಿ ಕಾವಲಿಗಿದ್ದವರು ಯಾರೋ ದೂರದಲ್ಲಿ ಮರದ ಕೆಳಗೆ ಕೂತಿದ್ದರು, ಅವರು ಏಳುವ ಹೊತ್ತಿಗೆ ಸಂಪತ್ತು ಸೈಕಲ್ ತಿರುಗಿಸಿಯಾಗಿತ್ತು. ನಾಲ್ಕನೆಯದು ಸಕ್ಕರೆ ಕಾರ್ಖಾನೆಯ ಆಚೆ, ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುವ ಕಡೆ. ಕಾಕಂಬಿಯ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಗಾಡಿಯವರಿಗೆ ಇಡ್ಲಿ ಹಾಕಿಕೊಡುವ ಚಿಕ್ಕಮಾದಮ್ಮನ ಗುಡಿಸಲಿನ ಹಿಂಭಾಗದಲ್ಲಿ ತಗಡು ಕಟ್ಟಿದ್ದರು. ಕಾವಲಿನ ಕೆಲಸವನ್ನೂ ಅವಳಿಗೇ ಒಪ್ಪಿಸಿ, ಹಳದಿ ರಿಬ್ಬನನ್ನು ಅವಳ ಸೆರಗಿಗೆ ಚುಚ್ಚಿದ್ದರು. ವಾಜಿದ್ ಹಿಂದಕ್ಕೆ ಹೋದ. ಚಿಕ್ಕಮಾದಮ್ಮ ಒಲೆ ಬಿಟ್ಟು ಎದ್ದು ಬಂದಳು. ಕೈ ಒರೆಸಿಕೊಳ್ಳುತ್ತಾ ಸೈಕಲ್ಲಿನ ಹ್ಯಾಂಡಲ್ ಹಿಡಿದೇಬಿಟ್ಟಳು.

"ಇಳೀರಿ ಬುದ್ಧಿ. ಸೈಕಲ್ ಆಟ ಸಾಕು. ಎರಡಿಡ್ಲಿ ತಿನ್ಕಂಡು ಇಬ್ಬರೂ ಓಗಿ. ಮದ್ದೂರ್ ಬಸ್ಸು ಇನ್ನೊಸಿ ಒತ್ತಿಗೆ ಇಂಗೇ ಬತ್ತದೆ, ನಾನೇ ಕೈ ಅಡ್ಡ ಆಕ್ತೀನಿ."

"ನನಗೆ ಮದ್ದೂರಿನಲ್ಲಿ ಏನಮ್ಮ ಕೆಲಸ?"

"ಅದ್ನೇ ಯೋಳನ ಅಂತ ಇಳೀರಿ ಅಂದದ್ದು. ಇತ್ಲಾಗ್ ಬನ್ನಿ, ಒಳಿಕ್ಕೆ. ನೀವು ಓದಿರೋರು, ನೀವೇ ಇಂಗ್ ಮಾಡುದ್ರೆ ಎಂಗೆ?"

ಅವಳ ಕಣ್ಣು ತೇವವಾಗಿತ್ತು. ಒಲೆಯ ಹೊಗೆ ಇರಬಹುದು ಎಂದು ಸಂಪತ್ತು ತನಗೆ ತಾನೇ ಹೇಳಿಕೊಂಡ. ಇರಲಿಕ್ಕಿಲ್ಲ. ಮಳವಳ್ಳಿಗೆ ಹೋಗಬೇಕಾದವನು ಮದ್ದೂರಿನ ಬಸ್ಸನ್ನೇ ತಾನೆ ಹತ್ತಬೇಕು. ಇಬ್ಬರೂ ಹೋಗಿ ಎಂದಳು. ಒಬ್ಬನನ್ನೇ ಕಳಿಸಬಾರದು, ಜೊತೆಗೆ ಯಾರಾದರೂ ಇರಬೇಕು, ಅದೂ ಸರಿ. ಅವಳ ಹಿಡಿತ ಗಟ್ಟಿಯಾಗಿತ್ತು. ಕಬ್ಬಿನ ಗಾಡಿಯವರು ತಿನ್ನುವುದು ಬಿಟ್ಟು ನೋಡುತ್ತಿದ್ದರು. ಈಗ ಇವಳು ಹೇಳಿಬಿಡುತ್ತಾಳೆ, ಇಷ್ಟು ಜನರ ಮುಂದೆ, ಈ ಕಾಕಂಬಿಯ ವಾಸನೆಯಲ್ಲಿ, ಅಪ್ಪ ಎನ್ನುವ ಮನುಷ್ಯ ಇಲ್ಲಿಗೆ ಮುಗಿಯುತ್ತಾನೆ. ತಪಾಸಣೆಯಂತೆ ಎಂದು ಸುಳ್ಳು ಹೇಳಿ ಸೈಕಲ್ ತುಳಿಯುತ್ತಿದ್ದ ಮಗ ಎಂದು ಮಳವಳ್ಳಿಯ ಅಗ್ರಹಾರದಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ವಾಜಿದ್ ಬಂದ. ಅವಳು ತಟ್ಟನೆ ಹ್ಯಾಂಡಲ್ ಬಿಟ್ಟಳು. ಲಿಂಗಯ್ಯನ ಹಾಗೆಯೇ. ಮುತ್ತುಗದ ಎಲೆಯಲ್ಲಿ ಎರಡು ಇಡ್ಲಿ ಇಟ್ಟು ವಾಜಿದನ ಕೈಗೆ ಕೊಟ್ಟು, "ತಿನ್ಕಳಪ್ಪ, ಮೊದ್ಲು ತಿನ್ಕ" ಎಂದು ಅವನನ್ನೇ ಬಹಳ ಹೊತ್ತು ನೋಡುತ್ತಾ ನಿಂತಳು. ಈ ಸ್ನೇಹಿತ ಗಟ್ಟಿಯಾಗಿದ್ದಾನೆಯೇ, ಬಿದ್ದವನನ್ನು ಹಿಡಿದುಕೊಳ್ಳಬಲ್ಲನೇ ಎಂದು ಅಳೆಯುತ್ತಿದ್ದಾಳೆ ಎಂದುಕೊಂಡ ಸಂಪತ್ತು. ವಾಜಿದ್ ಇಡ್ಲಿಯನ್ನು ಎರಡು ತುತ್ತಿಗೆ ಮುಗಿಸಿ, ಕಾಸು ಎಷ್ಟವ್ವ ಎಂದ. ಅವಳು ಬೇಡವೆಂದು ತಲೆಯಾಡಿಸಿ ಒಳಗೆ ಹೋಗಿಬಿಟ್ಟಳು.

"ಪಾಪ, ಅಷ್ಟು ಕರುದ್ಳು. ಇಳುದ್ರೆ ಗಂಟೇನ್ ಓಯ್ತಿತ್ತು ನಿಂದು? ನಿಂಗೇ ಏನೋ ಯೋಳ್ಬೇಕು ಅಂತಿದ್ಳು," ಹೊರಟ ಮೇಲೆ ವಾಜಿದ್ ಎಂದ.

"ನಿನಗೇ ಗೊತ್ತಿರಬೇಕಲ್ಲ ಅದು."

"ನಂಗೇನ್ ಗೊತ್ತು?"

"ಗೊತ್ತಿಲ್ವಾ?"

"ಲೇ ಸಂಪತ್ತು, ಇವತ್ತು ಏನಾಗದೆ ನಿಂಗೆ? ನನ್ ಮ್ಯಾಲೆ ಯಾಕ್ ಉರ್ಕಂಡ್ ಬೀಳ್ತೀಯೆ? ಗೆಲ್ಬೇಕು ಅಂದೋನು ನೀನು. ನಾನು ಇವತ್ತು ಮದ್ದೂರ್ಗೆ ಓಗೋದ್ ಬಿಟ್ಟು ಬಂದಿವ್ನಿ. ನಮ್ಮಮ್ಮಂಗೆ ಉಬ್ಬಸ ಜಾಸ್ತಿ ಆಗದೆ, ಬಾ ಅಂದಿದ್ಳು. ನಾಳೀಕ್ ಬತ್ತೀನಿ ಅಂತ ಯೋಳ್ ಕಳ್ಸಿವ್ನಿ."

ವಾಜಿದನ ತಾಯಿ ಹಾಜಿರಾ ಬೀಗೆ ಉಬ್ಬಸ ಎನ್ನುವುದು ಹೊಸ ಸಂಗತಿಯೇನಲ್ಲ, ಹೈಸ್ಕೂಲಿನಲ್ಲಿದ್ದಾಗ ಅವರ ಮನೆಗೆ ಹೋದರೆ ಆಕೆ ಬಾಗಿಲ ಮರೆಯಿಂದಲೇ ಕೆಮ್ಮುತ್ತಾ, ಒಳಗೆ ಕರೆಯದೆ, ಆದರೆ ಬಾಳೆಹಣ್ಣು ಕೊಡದೆ ಕಳಿಸುತ್ತಿರಲಿಲ್ಲ. ಅಯ್ಯನೋರ ಮಗ, ನಮ್ಮನೆ ಅಡಿಗೆ ತಿನ್ನಲ್ಲ, ಹಣ್ಣು ತಿನ್ನಬಹುದು ಎನ್ನುತ್ತಿದ್ದಳು. ಈಗ ಅವಳ ಉಬ್ಬಸದ ಮಾತು ಯಾಕೆ ತೆಗೆದ? ತನ್ನ ಬಾಯಿಂದ ಅಪ್ಪನ ಮಾತು ಹೊರಡಲಿ ಎಂದು. ಬಲೆ ಬೀಸುತ್ತಿದ್ದಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ತಾನಲ್ಲ ಎಂದು ಅವನು ಇನ್ನಷ್ಟು ಜೋರಾಗಿ ತುಳಿದ.

ಐದನೆಯದನ್ನು ಮುಗಿಸಿಕೊಂಡು ರೈಲ್ವೆ ಗೇಟಿಗೆ ಬಂದಾಗ ಗೇಟು ಬಿದ್ದಿತ್ತು. ಇವರಿಗಿಂತ ಮುಂದೆ ಒಂದೇ ಒಂದು ಜೋಡಿ ಇದೆ, ಅವರು ಗೇಟು ಬೀಳುವುದಕ್ಕೆ ಮೊದಲೇ ದಾಟಿಹೋದರು ಎಂದು ಯಾರೋ ಹೇಳಿದರು. ವಾಜಿದ್ ಇಳಿಯದೆ, ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಬೆರಳಿಟ್ಟು ಗಲ್ಲಿಗಳನ್ನು ಲೆಕ್ಕ ಹಾಕುವುದರಲ್ಲಿ ಮುಳುಗಿದ್ದ. ಬೆಂಗಳೂರಿನ ಕಡೆಯಿಂದ ಮಾಲ್‌ಗಾಡಿ ನಿಧಾನವಾಗಿ ಬರುತ್ತಿತ್ತು. ಹಳಿಯ ಆಚೆ, ಅತ್ತ ಕಡೆಯ ಗೇಟಿಗೆ ಮೂತಿ ತಾಗುವ ಹಾಗೆ ಕಪ್ಪು ಅಂಬಾಸಿಡರ್ ಕಾರೊಂದು ನಿಂತಿತ್ತು. ಅದರ ಪಕ್ಕದಲ್ಲಿ ನಜೀರ್ ಅಹ್ಮದ್. ತಲೆಗೆ ಟೋಪಿ ಇತ್ತು. ಸಂಪತ್ತುವನ್ನು ಕಂಡ ಕೂಡಲೇ ಎರಡೂ ಕೈಗಳನ್ನು ಮೇಲೆತ್ತಿ, ನಿಲ್ಲು ನಿಲ್ಲು ಎನ್ನುವಂತೆ ಬೀಸತೊಡಗಿದ. ಏನೋ ಕೂಗಿದ. ಗಾಡಿಯ ಸದ್ದಿನಲ್ಲಿ ಅದು ಕೇಳಲಿಲ್ಲ. ಆಮೇಲೆ ಡಬ್ಬಿಗಳು ಒಂದೊಂದಾಗಿ ಬಂದು ಅವನನ್ನು ಮರೆಮಾಡಿದವು. ಎರಡು ಡಬ್ಬಿಗಳ ನಡುವಿನ ಸಂದಿಯಲ್ಲಿ ಮಾತ್ರ ಅವನ ಎತ್ತಿದ ಕೈ, ಮತ್ತೆ ಡಬ್ಬಿ, ಮತ್ತೆ ಕೈ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ಬಂದೇಬಿಟ್ಟಿತು. ಕಾರು ತೊಳೆಸಿದ್ದು ಯಾವ ಮದುವೆಗೆ ಎಂದು ಈಗ ತಿಳಿಯಿತಲ್ಲ. ಮಾಲ್‌ಗಾಡಿ ದಾಟಿದ ಕೂಡಲೇ ಗೇಟು ಏಳುತ್ತದೆ, ನಜೀರ್ ಬರುತ್ತಾನೆ, ಹೆಗಲ ಮೇಲೆ ಕೈಯಿಡುತ್ತಾನೆ. ಸಂಪತ್ ಕುಮಾರ ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ.

"ಎಲ್ಲಿಗ್ಲಾ?" ವಾಜಿದ್ ತಲೆಯೆತ್ತಿದ.

"ಸ್ಟೇಷನ್ ಸೇತುವೆ ಹತ್ತಿ ಇಳಿಯೋಣ. ಈ ಗೇಟು ಈಗ ತೆಗೆಯೋದಿಲ್ಲ."

"ಮಾಲ್ಗಾಡಿ ಕಣ್ಲಾ, ಅರ್ಧ ಓಗಾಯ್ತು. ಇನ್ನೇನ್ ತಗೀತಾನೆ."

"ನಾನು ಹೇಳ್ತೀನಿ ಸುಮ್ಮನೆ ಕೂತ್ಕೋ."

ಹಳಿಯ ಪಕ್ಕದ ಕಾಲುದಾರಿಯಲ್ಲಿ ಸೈಕಲ್ ಕುಲುಕುತ್ತಾ ಓಡಿತು. ವಾಜಿದ್ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ ಎನ್ನುವುದು ಅವನ ಭಾರದಿಂದಲೇ ಗೊತ್ತಾಗುತ್ತಿತ್ತು. ನಕ್ಷೆ ಹಾರಿಹೋಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಸ್ಟೇಷನ್ನಿನ ಮೇಲುಸೇತುವೆಯ ಮೆಟ್ಟಿಲುಗಳಲ್ಲಿ ಇಬ್ಬರೂ ಸೈಕಲ್ಲನ್ನು ಹೆಗಲಿಗೆ ಕೊಟ್ಟು ಹತ್ತಿದರು. ಮೇಲೆ ನಿಂತಾಗ ಇಡೀ ಮಂಡ್ಯ ಕಾಣಿಸಿತು: ಕಾರ್ಖಾನೆಯ ಚಿಮಣಿ, ಹೆಂಚಿನ ಸಾಲು, ಆಚೆ ಹನಕೆರೆಯ ಕಡೆಗೆ ಭತ್ತದ ಬಯಲು. ಪಾರ್ಥಸಾರಥಿಯವರ ನಕ್ಷೆಯಲ್ಲಿ ಇದ್ದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. ವಾಜಿದ್ ಏದುಸಿರು ಬಿಡುತ್ತಾ, ಬುದ್ಧಿವಂತ ಕಣ್ಲಾ ನೀನು, ಗೇಟಲ್ಲೇ ನಿಂತಿದ್ರೆ ಆಗ್ತಿತ್ತು ಕಥೆ ಎಂದು ನಕ್ಕ. ಅವನ ನಗುವಿನಲ್ಲಿ ಕಪಟ ಹುಡುಕಿದ ಸಂಪತ್ತುವಿಗೆ ಏನೂ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಅಲ್ಲಿಂದ ಇಳಿದ ಮೇಲೆ ಒಂದು ವಿಚಿತ್ರ ನಡೆಯಿತು. ಮೈ ಹಗುರವಾಯಿತು. ಪೆಡಲ್ ತಾನಾಗಿ ತಿರುಗುತ್ತಿದೆಯೇನೋ ಎನ್ನುವಷ್ಟು. ಮೊದಲು ಗಾಳಿಯಿಂದ ಇರಬೇಕು ಎಂದುಕೊಂಡ, ಇಳಿಜಾರಿನಿಂದ ಇರಬೇಕು ಎಂದುಕೊಂಡ. ಆಮೇಲೆ ತಾನು ಏನನ್ನು ಯೋಚಿಸುತ್ತಿದ್ದೇನೆ ಎಂದು ನೋಡಿಕೊಂಡರೆ, ಬರುವ ಭಾನುವಾರ ಎಷ್ಟು ಖಾಲಿಯಾಗಿರುತ್ತದೆ ಎಂದು ಯೋಚಿಸುತ್ತಿದ್ದ. ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರಬಹುದು. ಎರಡು ಕೋಣೆಯ ಮನೆ ಹಿಡಿಯಬಹುದು. ಆ ಮಂಚ, ಅದರ ಕೆಳಗಿನ ಪಾತ್ರೆ, ಎಡಗೈಯಿಂದ ತನ್ನ ಮಣಿಕಟ್ಟು ಹಿಡಿದುಕೊಂಡು ಬಿಡದೇ ಇರುವ ಅಪ್ಪನ ಆ ಹಿಡಿತ, ಬಿಡಿಸಿಕೊಳ್ಳುವಾಗ ಒಂದೊಂದೇ ಬೆರಳನ್ನು ಎತ್ತಬೇಕಾಗುವ ಹೇಸಿಗೆ, ಎಲ್ಲವೂ ಮುಗಿಯಿತು. ಅಂದರೆ ನಾನು ಕಾಯುತ್ತಿದ್ದದ್ದು ಇದಕ್ಕೆ. ಪ್ರತಿ ಶನಿವಾರ ಬಸ್ಸಿನಿಂದ ಇಳಿದು ಬೀದಿಯ ತುದಿಯಿಂದ ಮನೆಯ ಮುಂದೆ ಜನ ಸೇರಿದ್ದಾರೆಯೇ ಎಂದು ನೋಡುತ್ತಿದ್ದದ್ದು ಹೆದರಿಕೆಯಿಂದಲ್ಲ. ಸಂಪತ್ ಕುಮಾರನಿಗೆ ನಾಚಿಕೆಯಾಯಿತು. ಸೈಕಲ್ ಬಿಟ್ಟು ಎಲ್ಲಾದರೂ ಕೂತು ಅತ್ತುಬಿಡಬೇಕು ಅನ್ನಿಸಿತು. ಆದರೆ ಅಳುವುದಕ್ಕೆ ಮೊದಲು ಸುದ್ದಿ ಕೇಳಬೇಕು, ಕೇಳುವುದಕ್ಕೆ ಮೊದಲು ಇಳಿಯಬೇಕು.

ಆರನೆಯದರ ತಗಡು ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗುತ್ತಲಿನ ಹಾಳು ಬಾವಿಯೊಂದರ ಒಳಗೋಡೆಗೆ ಅದನ್ನು ಕಟ್ಟಿದ್ದರು. ಕಾವಲಿಗಿದ್ದ ಅಂಕಯ್ಯ ಎಂಬ ವಯಸ್ಸಾದವನು ಸಂಪತ್ತುವಿನ ಹಿಂದೆ ಹಿಂದೆಯೇ ಬಂದು, "ಸ್ವಾಮಿ, ಮೇಷ್ಟ್ರು ಯೋಳ್ ಕಳ್ಸವ್ರೆ, ಒಂದೇ ಮಾತು, ಕೇಳ್ಬುಡಿ" ಎಂದು ಗೋಗರೆದ. ಸಂಪತ್ತು ಸೈಕಲ್ಲನ್ನು ಬಾವಿಯ ಸುತ್ತ ತಳ್ಳಿಕೊಂಡು ಹೋದ, ಮುದುಕನೂ ಸುತ್ತಿದ. ನನಗೆ ಗೊತ್ತಯ್ಯ, ಗೊತ್ತಿರುವುದನ್ನು ಮತ್ತೆ ಯಾಕೆ ಹೇಳುತ್ತೀಯ, ಮೈದಾನದಲ್ಲಿ ಮೇಷ್ಟ್ರ ಬಾಯಿಂದಲೇ ಕೇಳುತ್ತೇನೆ ಎಂದ ಮೇಲೆ ಮುದುಕ ನಿಂತ. ಗೊತ್ತಿದ್ದೂ ಹೀಗೇನು ಎನ್ನುವಂತೆ ಅವನನ್ನು ನೋಡಿದ. ಆ ನೋಟ ಚುಚ್ಚಿತು. ಅಷ್ಟರಲ್ಲಿ ಗುತ್ತಲಿನ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಶುರುವಾಯಿತು. ಬಾವಿಯಿಂದ ಮೇಲೆ ಬಂದ ವಾಜಿದ್ ಕರವಸ್ತ್ರವನ್ನು ತಲೆಗೆ ಹಾಕಿಕೊಂಡು ಒಂದು ಗಳಿಗೆ ಸುಮ್ಮನೆ ನಿಂತ. ಇವತ್ತು ನಮಾಜೂ ತಪ್ಪಿತು ನಿನ್ನಿಂದ ಎಂದು ಹಿಂದೆ ಹತ್ತಿದ.

ಏಳನೆಯದರಲ್ಲಿ ಯಾರೂ ಇರಲಿಲ್ಲ. ತಗಡು ಮಾತ್ರ ಇತ್ತು. ಮುಂದೆ ಹೋದ ಜೋಡಿ ಅಲ್ಲೇ ಪಂಚರ್ ಆಗಿ, ಟ್ಯೂಬು ಬಿಚ್ಚಿಕೊಂಡು ಕೂತಿತ್ತು. ವಾಜಿದ್ ಸಂಪತ್ತುವಿನ ಎರಡೂ ಹೆಗಲು ಹಿಡಿದು, "ನಾವೇ ಕಣ್ಲಾ ಈಗ, ತುಳಿ, ತುಳಿ" ಎಂದು ಹಾರಾಡತೊಡಗಿದ. ಸಂಪತ್ತು ತುಳಿದ. ನೂರಡಿ ರಸ್ತೆಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ತುಳಿಯುತ್ತಾ ಅವನು ಹೇಗೆ ಕೇಳಬೇಕು, ಕೇಳಿದ ಮೇಲೆ ಮುಖ ಹೇಗಿರಬೇಕು ಎಂದು ಸಿದ್ಧ ಮಾಡಿಕೊಳ್ಳುತ್ತಿದ್ದ. ಕುಸಿಯಬಾರದು. ಕಣ್ಣಲ್ಲಿ ನೀರು ಬರಬೇಕು, ಆದರೆ ಕುಸಿಯಬಾರದು. ಮೇಷ್ಟ್ರೇ, ನನಗೆ ಬೆಳಗಿನಿಂದ ಗೊತ್ತಿತ್ತು, ಹಿಡಿದ ಕೆಲಸ ಮುಗಿಸಿ ಕೇಳೋಣ ಎಂದುಕೊಂಡೆ, ನಮ್ಮ ತಂದೆಯವರೂ ಹಾಗೇ ಮಾಡುತ್ತಿದ್ದರು. ಹೀಗೆ ಹೇಳಿದರೆ ಜನ ಒಪ್ಪಿಯಾರು. ಆಫೀಸಿನಲ್ಲೂ ಹಬ್ಬುತ್ತದೆ.

ಮೈದಾನಕ್ಕೆ ನುಗ್ಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಮಿಯಾನದ ಕೆಳಗೆ ಕೂತಿದ್ದವರು ಎದ್ದು ನಿಂತರು, ಅಷ್ಟೇ. ಸುಣ್ಣದ ಗೆರೆ ದಾಟಿದ ಮೇಲೆ ಸಂಪತ್ತು ಇಳಿದ. ವಾಜಿದ್ ಸೈಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಮರಕ್ಕೆ ಒರಗಿಸಲು ಹೋದ. ಪಾರ್ಥಸಾರಥಿಯವರು ಒಬ್ಬರೇ ಎದುರಿಗೆ ಬಂದರು. ಮುಖ ಕಪ್ಪಿಟ್ಟಿತ್ತು.

"ಏನ್ರೀ ಸಂಪತ್ ಕುಮಾರ್, ನಾಲ್ಕು ಕಡೆ ಹೇಳಿ ಕಳಿಸಿದೆ. ಎಲ್ಲೂ ಇಳೀಲಿಲ್ಲವಂತೆ. ಗೊತ್ತು ಅಂತ ಬೇರೆ ಹೇಳಿದಿರಂತೆ."

"ಗೊತ್ತಿತ್ತು ಸಾರ್." ಅವನು ಸಿದ್ಧ ಮಾಡಿಕೊಂಡ ಹಾಗೆಯೇ ಮಾತು ಹೊರಟಿತು. "ಬೆಳಗ್ಗಿಂದ ಗೊತ್ತಿತ್ತು. ಈಗ ಹೇಳಿ. ನಮ್ಮ ತಂದೆಯವರು ಯಾವಾಗ ಹೋದರು?"

"ನಿಮ್ಮ ತಂದೆಯವರು?" ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಅವರಿಗೇನಾಗಿದೆ? ನಾನು ಹೇಳಿದ್ದು ವಾಜಿದನ ತಾಯಿ ವಿಷಯ. ನೀವು ಹೊರಟ ಸ್ವಲ್ಪ ಹೊತ್ತಿಗೆಲ್ಲಾ ಮದ್ದೂರಿನಿಂದ ಜನ ಬಂದರು. ಉಸಿರು ಕಟ್ಟಿ ಹೋಗಿಬಿಟ್ಟರಂತೆ. ದಾರಿಯಲ್ಲಿ ಹುಡುಗನಿಗೇ ಹೇಳೋದು ಬೇಡ, ಜೊತೆಗಿರೋ ನಿಮಗೆ ಹೇಳಿದರೆ ಮೆಲ್ಲಗೆ ಏನಾದ್ರೂ ತಿನ್ನಿಸಿ ಕರ್ಕೊಂಡು ಬರ್ತೀರಿ ಅಂತ ನಾನೇ ಹೇಳಿದ್ದೆ." ಅವರು ದನಿ ತಗ್ಗಿಸಿದರು. "ಅವರಲ್ಲಿ ಬಹಳ ಹೊತ್ತು ಇಟ್ಟುಕೊಳ್ಳೋದಿಲ್ಲವಂತೆ ಕಣ್ರೀ, ನನಗದು ಹೊಳೀಲೇ ಇಲ್ಲ. ಮಗ ಬರ್ತಾನೆ ಅಂತ ಮಧ್ಯಾಹ್ನದ ನಮಾಜಿನವರೆಗೆ ಕಾಯ್ತೀವಿ ಅಂದಿದ್ದರು. ನಜೀರ್ ಸಾಹೇಬರು ಗೇಟಿನ ಹತ್ತಿರ ನಿಮ್ಮನ್ನ ನೋಡಿದರಂತೆ, ಕೂಗಿದರಂತೆ. ಆಮೇಲೆ ಇಲ್ಲಿಗೆ ಬಂದು ಅಷ್ಟು ಹೊತ್ತು ಕಾದು, ಈಗ ತಾನೆ ಹೊರಟರು. ಈಗ ಹೋದರೂ ಮುಖ ಸಿಗೋದಿಲ್ಲ."

ಕೊನೆಯ ಮಾತುಗಳು ಸಂಪತ್ ಕುಮಾರನಿಗೆ ತಡವಾಗಿ ಕೇಳಿಸಿದವು. ಅದಕ್ಕೆ ಮೊದಲೇ, ಅಪ್ಪ ಅಲ್ಲ ಎನ್ನುವ ಒಂದೇ ಸಂಗತಿ ಮೈಯೆಲ್ಲಾ ಹರಿದುಬಿಟ್ಟಿತ್ತು. ಅಪ್ಪ ಬದುಕಿದ್ದಾರೆ ಎನ್ನುವ ಸಂತೋಷವೋ, ತನ್ನ ಸುಳ್ಳು ಯಾರ ಕೈಗೂ ಸಿಗಲಿಲ್ಲ ಎನ್ನುವ ಸಂತೋಷವೋ, ಬೇರ್ಪಡಿಸಲು ಸಮಯವಿರಲಿಲ್ಲ. ಮುಖ ಅರಳುತ್ತಿರುವುದು ಅವನಿಗೇ ತಿಳಿಯಿತು. ತುಟಿ ಕಚ್ಚಿದ. ಕೈಯೆತ್ತಿ ಮುಚ್ಚಿಕೊಳ್ಳಲು ನೋಡಿದ. ಅದು ನಿಲ್ಲಲಿಲ್ಲ. ಹೋಗಿದ್ದ ಉಸಿರು ಬಂದ ಹಾಗಾಗಿ, ಹಲ್ಲು ಕಾಣುವಷ್ಟು ನಗು ಬಂದೇಬಿಟ್ಟಿತು. ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ವಾಜಿದ್ ಸೈಕಲ್ ನಿಲ್ಲಿಸಿ, ನಕ್ಷೆಯನ್ನು ನಾಲ್ಕಾಗಿ ಮಡಿಚಿಕೊಳ್ಳುತ್ತಾ ಬರುತ್ತಿದ್ದ. ಶಾಮಿಯಾನದ ಕಡೆ ನೋಡಿದ, ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೇಷ್ಟ್ರನ್ನು ನೋಡಿದ, ಅವರು ಮುಖ ತಿರುಗಿಸಿದರು. ಏನಾಯಿತೋ ಎನ್ನುವ ಗಾಬರಿಯಲ್ಲಿ ಅವನು ಸಂಪತ್ತುವಿನ ಕಡೆ ತಿರುಗಿದ. ಹೈಸ್ಕೂಲಿನಿಂದ ನೋಡಿದ ಮುಖ ಅದು. ಅದನ್ನು ನೋಡಿದ ಮೇಲೆ ಅವನ ಗಾಬರಿ ಕರಗಿತು, ಅವನೂ ಬಾಯಿತುಂಬ ನಕ್ಕ.

"ಗೆದ್ವೇನ್ಲಾ?" ಎಂದ ವಾಜಿದ್.